ಪಾರಾದ್ಲು

ಒದ್ದೆ ಬಟ್ಟೆಯಿಂದ ಮೂರು ಸಲ ಒರೆಸಿದರೂ ಹಲಗೆಯ ಮೇಲೆ 'ಲಿಂಗೈಕ್ಯ' ಎಂಬ ಶಬ್ದ ಹಾಗೇ ಕಾಣುತ್ತಿತ್ತು. ನೀರು ಆರಿದ ಹಾಗೆ ಮೊದಲು 'ಲಿಂ' ಎದ್ದಿತು, ಅದರ ಬೆನ್ನಿಗೆ ಉಳಿದದ್ದು. ಪ್ರಭುಲಿಂಗಪ್ಪ ನಾಲ್ಕನೆಯ ಸಲ ಒರೆಸಿದ, ಉಗುರಿನಿಂದ ಕೆರೆದ. ಹಲಗೆಯ ಕರಿ ಬಣ್ಣ ಉಗುರಿನ ಸಂದಿಗೆ ಬಂತೇ ಹೊರತು ಅಕ್ಷರ ಹೋಗಲಿಲ್ಲ. ಹನ್ನೊಂದು ವರ್ಷದಿಂದ ಲಕ್ಕಲಕಟ್ಟಿಯ ಪಂಚಾಯ್ತಿ ಕಟ್ಟೆಯ ಈ ಹಲಗೆಯ ಮೇಲೆ ದಿನಾ ಬೆಳಿಗ್ಗೆ ಒಂದು ನುಡಿ ಬರೆದು, ಎಂಟರ ಗಜೇಂದ್ರಗಡ ಬಸ್ಸು ಹಿಡಿದು ಶಾಲೆಗೆ ಹೋಗುವ ಮಾಸ್ತರ ಅವನು. ಬದುಕು, ಸುಖ, ಸಾವು, ಮನುಷ್ಯನ ಗುಣ, ಯಾವುದನ್ನೂ ಬಿಟ್ಟಿರಲಿಲ್ಲ. ಎಲ್ಲವೂ ಅವನ ಸ್ವಂತದ್ದೇ. ಆದರೆ ನಮ್ಮೂರ ಪ್ರಭುಲಿಂಗಪ್ಪ ಹೇಳಿದ್ದು ಅಂದರೆ ನಾಯಿಯೂ ನಿಂತು ಓದುವುದಿಲ್ಲವೆಂದು ಗೊತ್ತಿದ್ದರಿಂದ ಕೆಳಗೆ 'ಸಂಗ್ರಹ' ಎಂದು ಹಾಕುತ್ತಿದ್ದ. ನಿನ್ನೆ ಮಾತ್ರ ಹಾಗೆ ಹಾಕಲಿಲ್ಲ. 'ನಮ್ಮ ಅಕ್ಕ ಸಿದ್ದವ್ವ ಇಂದು ಲಿಂಗೈಕ್ಯಳಾದಳೆಂದು ತಿಳಿಸಲು ವಿಷಾದಿಸುತ್ತೇನೆ' ಎಂದು ಬರೆದು ತನ್ನ ಪೂರ್ತಿ ಹೆಸರು ಬರೆದಿದ್ದ. ಆ 'ಗೈ'ಯ ಐತ್ವ ಬಹಳ ಚೆನ್ನಾಗಿ ಬಂದಿತ್ತು. ಎರಡು ಹೆಜ್ಜೆ ಹಿಂದೆ ಸರಿದು ಅದನ್ನು ನೋಡಿ ಮೆಚ್ಚಿಕೊಂಡದ್ದು ಈಗ ನೆನಪಾಗಿ ಮೈಯೆಲ್ಲ ಉರಿಯಿತು. ಸಿದ್ದವ್ವ ಸತ್ತಿರಲಿಲ್ಲ. ಈ ಹೊತ್ತಿಗೆ ಹುಬ್ಬಳ್ಳಿಯ ದವಾಖಾನೆಯ ಮಂಚದ ಮೇಲೆ ಎದ್ದು ಕುಂತಿರಬೇಕು, ಮಧ್ಯಾಹ್ನ ಊರಿಗೆ ಬರುವವಳಿದ್ದಳು.

ತಪ್ಪು ಒಂದು ಶಬ್ದದ್ದು. ನಿನ್ನೆ ಭಾನುವಾರ ಹನ್ನೆರಡರ ಸುಮಾರಿಗೆ ರಾಜಮಾಳ ಕಿರಾಣಿ ಅಂಗಡಿಯ ಫೋನಿಗೆ ಅಂಗಡಿಯವಳ ಗಂಡ ಸುಭಾನಸಾಬ ಹುಬ್ಬಳ್ಳಿಯಿಂದ ಫೋನು ಮಾಡಿದ್ದ. ಸಿದ್ದವ್ವನನ್ನೂ ಅವಳ ಜೊತೆಗೆ ಪ್ರಭುಲಿಂಗಪ್ಪನ ಹೆಂಡತಿ ಮರಿಯವ್ವನನ್ನೂ ತನ್ನ ಟ್ರ್ಯಾಕ್ಸ್ ಗಾಡಿಯಲ್ಲಿ ಕರೆದುಕೊಂಡು ಹೋದವನು ಅವನೇ. ಪ್ರಭುಲಿಂಗಪ್ಪ ಹೋಗಿರಲಿಲ್ಲ. ಮತದಾರರ ಪಟ್ಟಿ ತಿದ್ದುವ ಕೆಲಸವಿದೆ ಎಂದು ಹೇಳಿದ್ದ. ಆ ಕೆಲಸ ಹಿಂದಿನ ವಾರವೇ ಮುಗಿದಿತ್ತು. ದವಾಖಾನೆಯ ಗದ್ದಲದ ನಡುವೆ ಸುಭಾನಸಾಬನ ದನಿ, "ಮಾಸ್ತರ, ನಿಮ್ಮಕ್ಕ ಪಾರಾದ್ಲ ನೋಡ್ರಿ. ಇನ್ನ ಚಿಂತಿ ಇಲ್ಲ," ಅಂದಿತು, ಲೈನು ಕಟ್ಟಾಯಿತು. ಈ ಕಡೆ ಹೆತ್ತು ಸುಸೂತ್ರ ಎದ್ದವಳೂ ಪಾರಾಗುತ್ತಾಳೆ, ಹಾವು ಕಚ್ಚಿ ಉಳಿದವನೂ ಪಾರಾಗುತ್ತಾನೆ. ವರ್ಷಗಟ್ಟಲೆ ಹಾಸಿಗೆಯಲ್ಲಿ ನರಳಿ ಕಣ್ಣು ಮುಚ್ಚಿದವರಿಗೂ ಪಾರಾದರು ಅಂತಲೇ ಅನ್ನುತ್ತಾರೆ. ಹೋದ ವರ್ಷ ತನ್ನ ತಾಯಿಯನ್ನು ಮಣ್ಣು ಮಾಡಿ ಬಂದು ಇದೇ ಸುಭಾನಸಾಬ ಇದೇ ಅಂಗಡಿಯ ಕಟ್ಟೆಗೆ ಕುಂತು 'ಪಾರಾದ್ಲ ಬಿಡ್ರಿ' ಅಂದಿರಲಿಲ್ಲವೇ? ಹಾಗಾದರೆ ತನ್ನದೇನು ತಪ್ಪು ಎಂದು ಪ್ರಭುಲಿಂಗಪ್ಪ ನಿನ್ನೆ ಸಂಜೆಯಿಂದ ಕಾಣದ ಯಾರ ಜೊತೆಗೋ ವಾದ ಹೂಡಿದ್ದ. ವಾದದಲ್ಲಿ ಪ್ರತಿ ಸಲವೂ ಅವನೇ ಗೆಲ್ಲುತ್ತಿದ್ದ. ಗೆದ್ದ ಮೇಲೆ ರಾಜಮಾ ಅಂದ ಒಂದು ಮಾತು ನೆನಪಾಗುತ್ತಿತ್ತು: "ಮತ್ತ ಮಾಡ್ತಾರ ತಗೋರಿ, ಒಂದ ಗಳಿಗಿ ನಿಂದರ್ರಿ." ಅವನು ನಿಂತಿರಲಿಲ್ಲ. ಮತ್ತೊಮ್ಮೆ ಕೇಳಿದರೆ ಎಲ್ಲಿ ಬೇರೆ ಅರ್ಥ ಹೊರಟೀತೋ ಅನ್ನುವವನ ಹಾಗೆ ಅಂಗಡಿಯ ಮೆಟ್ಟಿಲು ಇಳಿದು ಬಂದುಬಿಟ್ಟಿದ್ದ.

ಅಂಗಡಿಯಿಂದ ಮನೆಗೆ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷದಲ್ಲಿ ಪ್ರಭುಲಿಂಗಪ್ಪ ಸುಖವಾಗಿದ್ದ. ಸುಖದ ಬಗ್ಗೆ ಹಲಗೆಯ ಮೇಲೆ ನೂರು ಸಲ ಬರೆದವನಿಗೆ ಅದು ಬಂದಾಗ ಗುರುತು ಸಿಕ್ಕಲಿಲ್ಲ, ಮೊದಲು ಹಸಿವೆ ಅಂದುಕೊಂಡ. ಬಿಸಿಲು ಚಲೋ ಅನ್ನಿಸಿತು. ಅಕ್ಕ ಹಾಸಿಗೆ ಹಿಡಿದು ಮಲಗಿದ್ದ ಮೂಡಲ ಕೋಣೆಯನ್ನು ಫಿನಾಯಿಲ್ ಹಾಕಿ ತೊಳೆಯಬೇಕು, ಎಂಟು ತಿಂಗಳಿಂದ ಮುಚ್ಚಿದ ಕಿಟಕಿ ತೆಗೆಯಬೇಕು, ಅಲ್ಲಿ ತನ್ನ ಮೇಜು ಹಾಕಬೇಕು. ಊಟಕ್ಕೆ ಕುಂತಾಗ ಒಳಗಿನಿಂದ "ಪ್ರಭೂ, ನೀರೊಳಗ ಇರಿವಿ ಅದಾವ ನೋಡು" ಎಂಬ ಕೂಗು ಬರುವುದಿಲ್ಲ. ಮರಿಯವ್ವನ ಕೈಗೆ ಆ ವಾಸನೆ ಇರುವುದಿಲ್ಲ. ಆ ವಾಸನೆ ಮರಿಯವ್ವನ ಕೈಗೆ ಮಾತ್ರ ಇತ್ತು, ಅವನ ಕೈಗೆ ಇರಲಿಲ್ಲ, ಯಾಕೆಂದರೆ ಎಂಟು ತಿಂಗಳಲ್ಲಿ ಅವನು ಅಕ್ಕನ ಮೈ ಮುಟ್ಟಿದ್ದು ಅವಳನ್ನು ಟ್ರ್ಯಾಕ್ಸಿಗೆ ಎತ್ತಿ ಹಾಕುವಾಗ, ಒಂದೇ ಸಲ. ಹಗುರಾಗಿದ್ದಳು. ಹೀಗೆ ಯೋಚಿಸುತ್ತ ಮನೆಗೆ ಬಂದವನು ಸಾವಿನ ಸುದ್ದಿಯನ್ನು ಯಾರಿಗೂ ಹೇಳದೆ ಬುಟ್ಟಿಯಿಂದ ಎರಡು ರೊಟ್ಟಿ ತೆಗೆದು, ಶೇಂಗಾ ಹಿಂಡಿ ಹಾಕಿಕೊಂಡು, ಮೇಲೆ ಮೊಸರು ಸುರುವಿಕೊಂಡು ಉಂಡ. ಊರಿಗೆ ಗೊತ್ತಾದ ಮೇಲೆ ಮಣ್ಣಾಗುವ ತನಕ ಉಣ್ಣುವಂತಿಲ್ಲವಲ್ಲ. ಕೈ ತೊಳೆದುಕೊಂಡು, ಬಾಯಿ ಮುಕ್ಕಳಿಸಿ, ಬಿಳಿ ಅಂಗಿ ಹಾಕಿಕೊಂಡು ಹಲಗೆಯ ಕಡೆಗೆ ನಡೆದಿದ್ದ.

ಆಮೇಲೆ ನಡೆದದ್ದನ್ನು ನೆನೆದರೆ ಊರಿಗೆ ಊರೇ ಸೇರಿ ತನ್ನ ಮೇಲೆ ಹಗೆ ಸಾಧಿಸಿತು ಅನ್ನಿಸುತ್ತಿತ್ತು. ಎಲ್ಲರೂ ಬಂದರು. ಬಂದವರೆಲ್ಲ ಒಂದೊಂದು ನುಡಿ ತಂದರು. ಹುಟ್ಟಿದವರು ಸಾಯಲೇಬೇಕು ಅಂದರು, ಪುಣ್ಯವಂತಿ ಅಂದರು, ಮೂರು ದಿನದ ಸಂತಿ ಅಂದರು. ಅಡತಿ ಅಂಗಡಿಯ ಗವಿಸಿದ್ದಪ್ಪ ಅವನ ಹೆಗಲ ಮೇಲೆ ಕೈಯಿಟ್ಟು, "ಎಣ್ಣಿ ತೀರಿದ ಮ್ಯಾಲ ಗಾಳಿ ಬೈದು ಏನ ಬರ್ತೈತ್ರಿ ಮಾಸ್ತರ? ನೀವ ಬರದಿದ್ರೆಲ್ಲಾ ಹೋದ ತಿಂಗಳ, ಸಂಗ್ರಹದಾಗ," ಅಂದ. ಪ್ರಭುಲಿಂಗಪ್ಪನಿಗೆ ತನ್ನ ಮಾತು ಬೇರೆಯವನ ಬಾಯಲ್ಲಿ ಕೇಳಿ ಅದು ಎಷ್ಟು ಅಗ್ಗದ ಮಾತು ಎಂದು ಮೊದಲ ಸಲ ತಿಳಿಯಿತು. ಅಯ್ಯನವರು ಬಂದು ಪಾದದಿಂದ ಅಳೆದು ಹೂಳುವ ಕುಣಿಗೆ ಜಾಗ ತೋರಿಸಿದರು, ಕುಣಿ ತೋಡುವ ಹೂವಪ್ಪ ಗುದ್ದಲಿ ತೆಗೆದುಕೊಂಡು ಹೋದ. ಹೆಂಗಸರು ಹೆಣ ಬರುವ ಮೊದಲೇ ಪಡಸಾಲೆಯಲ್ಲಿ ಕುಂತು ಹಾಡಿಕೊಂಡು ಅಳತೊಡಗಿದರು. ಮಾಸ್ತರರು ಗಟ್ಟಿ ಮನುಷ್ಯ, ಕಣ್ಣಾಗ ಹನಿ ತಂದಿಲ್ಲ ಎಂದು ಯಾರೋ ಹೊಗಳಿದರು. ಐದಕ್ಕೆ ರಾಜಮಾ ಸೆರಗು ಎಳೆದುಕೊಳ್ಳುತ್ತ ಓಡಿ ಬಂದು ಹೊಸ್ತಿಲಲ್ಲೇ ನಿಂತಳು. "ಮಾಸ್ತರ, ಮತ್ತ ಫೋನ್ ಬಂದಿತ್ರಿ. ನಿಮ್ಮಕ್ಕ ಗಂಜಿ ಉಂಡಾಳಂತ. ಚಾ ಕೇಳಾಕತ್ತಾಳಂತ. ನಾಳಿಗೆ ಕರ್ಕೊಂಡ ಬರ್ತಾರಂತ್ರಿ." ಹಾಡಿ ಅಳುತ್ತಿದ್ದ ಒಬ್ಬಾಕೆ ಸಾಲಿನ ನಡುವೆ ನಿಂತಳು. ಎಲ್ಲರೂ ಪ್ರಭುಲಿಂಗಪ್ಪನ ಮುಖ ನೋಡಿದರು. ಆ ಹೊತ್ತಿನಲ್ಲಿ ತನ್ನ ಮುಖ ಹೇಗಿತ್ತು? ಅದೊಂದನ್ನು ಅವನು ಏನು ಕೊಟ್ಟಾದರೂ ತಿಳಿದುಕೊಳ್ಳಬೇಕಿತ್ತು, ಏನು ಕೊಟ್ಟರೂ ತಿಳಿಯಬಾರದಿತ್ತು.

ಈಗ ಉಳಿದದ್ದು ಒಂದೇ. ಅಕ್ಕನಿಗೆ ಗೊತ್ತಾಗಬಾರದು. ತಾನು ಸತ್ತೆನೆಂದು ತಮ್ಮ ಕೇಳಿ, ನಂಬಿ, ಕುಣಿ ತೋಡಿಸಿದ ಅನ್ನುವುದು ಆ ಹಣ್ಣು ಜೀವದ ಕಿವಿಗೆ ಬೀಳಬಾರದು. ಹಲಗೆಗೆ ಬೆನ್ನು ಹಾಕಿ, ಶಾಲೆಗೆ ರಜೆ ಎಂದು ಬಸ್ಸಿನ ಕಂಡಕ್ಟರನ ಕೈಯಲ್ಲಿ ಚೀಟಿ ಕಳಿಸಿ, ಅವನು ಓಣಿ ಓಣಿ ತಿರುಗಿದ. ಐವತ್ತು ವರ್ಷದ ಮನುಷ್ಯ ಮನೆಯ ಮುಂದೆ ಮನೆಯ ಮುಂದೆ ನಿಂತು ಕೈ ಮುಗಿದ. "ಅಕ್ಕನ ಮುಂದ ಏನೂ ಅನಬ್ಯಾಡ್ರಿ. ಜೀವ ಮೊದಲ ನಾಜೂಕ ಐತಿ." ಎಲ್ಲರೂ ಒಪ್ಪಿದರು, ಒಪ್ಪುವಾಗ ತುಟಿಯಂಚಿಗೆ ಬಂದದ್ದನ್ನು ನುಂಗಿಕೊಂಡರು. ನಿನ್ನೆ ಪುಣ್ಯವಂತಿ ಅಂದ ಬಾಯಿಗಳೇ ಇವತ್ತು ಆಯುಷ್ಯ ಗಟ್ಟಿ ಐತಿ ಅಂದವು. ಸತ್ತ ಸುದ್ದಿ ಹುಟ್ಟಿದರ ಇನ್ನೂ ಹತ್ತು ವರ್ಷ ಬಾಳ್ತಾರ್ರಿ ಎಂದು ಗವಿಸಿದ್ದಪ್ಪ ಧೈರ್ಯ ಹೇಳಿದ. ಹತ್ತು ವರ್ಷ ಅಂದಾಗ ತನ್ನ ಎದೆಯೊಳಗೆ ಏನೋ ಕುಸಿದದ್ದು ಪ್ರಭುಲಿಂಗಪ್ಪನಿಗೆ ಗೊತ್ತಾಯಿತು, ಗವಿಸಿದ್ದಪ್ಪನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಏನು ಜನ ಇವರು! ಸಾವಿಗೆ ಒಂದು ಮಾತು, ಬದುಕಿಗೆ ಒಂದು ಮಾತು, ಎರಡೂ ಒಂದೇ ಕಿಸೆಯಲ್ಲಿ. ಅದನ್ನು ಅವರಿಗೆ ದಿನಾ ಬರೆದು ಕೊಟ್ಟವನು ಯಾರು ಎಂದು ಕೇಳಿಕೊಳ್ಳುವಷ್ಟರಲ್ಲಿ ಹೂವಪ್ಪನ ಮನೆಯಿಂದ ಹೇಳಿಕಳಿಸಿದರು, ಕುಣಿಯ ಹತ್ತಿರ ಬರಬೇಕಂತೆ ಎಂದು.

ಹೂವಪ್ಪ ಕುಣಿಯ ಅಂಚಿಗೆ ಕಾಲು ಇಳಿಬಿಟ್ಟು ಬೀಡಿ ಸೇದುತ್ತಿದ್ದ. ಗಟ್ಟಿ ಗರಸು ನೆಲ, ಒಂದು ಆಳು ಆಳ ತೋಡಲು ಅವನಿಗೂ ಅವನ ಜೊತೆಯವನಿಗೂ ಅರ್ಧ ದಿನ ಹಿಡಿದಿತ್ತು. "ಮುಚ್ಚಿಬಿಡು," ಎಂದ ಪ್ರಭುಲಿಂಗಪ್ಪ.

"ಬರೇ ಖಾಲಿ ಕುಣಿ ಮುಚ್ಚಬಾರದ್ರಿ ಮಾಸ್ತರ. ಮುಚ್ಚಿದ್ರ ಅದು ಆ ಮನ್ಯಾಗ ಮತ್ತೊಬ್ಬರನ್ನ ಬೇಡ್ತೈತಿ. ಏನರ ಕೊಟ್ಟ ಮುಚ್ಚಬೇಕು."

"ಏನ ಕೊಡೂದು?"

"ಕುಂಬಳಕಾಯಿ ಕೊಡ್ತಾರ್ರಿ. ಅಕ್ಕಾರದ ಒಂದ ಹಳೇ ಸೀರಿ ಸುತ್ತಿ, ಇಬತ್ತಿ ಹಚ್ಚಿ, ಕುಂದರಿಸಿ. ಮೊದಲ್ನೇ ಹಿಡಿ ಮಣ್ಣ ಮಾತ್ರ ಮನಿಯವರ ಹಾಕಬೇಕ್ರಿ."

ಇಂಥ ಮೂಢತನದ ಬಗ್ಗೆ ಕನಿಷ್ಠ ಇಪ್ಪತ್ತು ನುಡಿ ಬರೆದಿದ್ದವನು ನೆಟ್ಟಗೆ ಮನೆಗೆ ಹೋಗಿ ಅಟ್ಟದ ಮೇಲಿನ ಕುಂಬಳಕಾಯಿಯನ್ನು ಹೆಗಲಿಗೆ ಏರಿಸಿಕೊಂಡ. ಮೂಡಲ ಕೋಣೆಯ ಗಂಟಿನಲ್ಲಿ ಸೀರೆ ಹುಡುಕಿದ. ಇದ್ದದ್ದೇ ನಾಲ್ಕು. ಯಾವುದು ತೆಗೆದರೂ ಕಡಿಮೆಯಾದದ್ದು ಗೊತ್ತಾಗುತ್ತದೆ. ಕಡೆಗೆ ಒಂದು ಹರಿದ ಸೆರಗು ಸಿಕ್ಕಿತು, ಮೂಸಿ ನೋಡಿದ, ಜೋಳದ ಹಿಟ್ಟಿನ ವಾಸನೆ ಇತ್ತು. ರೋಣದಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಬರೆದ ದಿನವೂ ಅವಳ ಸೆರಗಿಗೆ ಇದೇ ವಾಸನೆ. ಚಿಕ್ಕನರಗುಂದದ ಗಂಡನ ಮನೆಯನ್ನು ಬಿಟ್ಟು ಬಂದು ಆಗಿನ್ನೂ ಒಂದು ವರ್ಷವಾಗಿತ್ತು ಅವಳಿಗೆ. ಯಾಕೆ ಬಿಟ್ಟು ಬಂದಳೆಂದು ಅವನು ಕೇಳಲಿಲ್ಲ, ಕೇಳುವ ವಯಸ್ಸು ಬಂದಾಗ ಬೇಕಾಗಿರಲಿಲ್ಲ. ಅಂದು ಅವನನ್ನು ಪರೀಕ್ಷೆಗೆ ಒಳಗೆ ಕಳಿಸಿ, ಶಾಲೆಯ ಗೋಡೆಗೆ ಒರಗಬಾರದು ಎಂದು ಜವಾನ ಗದರಿಸಿದ್ದಕ್ಕೆ ಮೂರು ತಾಸು ಬಿಸಿಲಲ್ಲಿ ನೆಟ್ಟಗೆ ನಿಂತಿದ್ದಳು. ಫಲಿತಾಂಶ ಬಂದಾಗ ಬಾವಿಯ ಹತ್ತಿರ ಎಲ್ಲರಿಗೂ "ನಾವು ಪಾಸಾದ್ವಿ" ಅಂದಿದ್ದಳು. ನಾವು ಅಂತೆ. ಅಕ್ಷರ ಬಾರದ ಹೆಂಗಸು. ಗೆಳೆಯರು ವಾರಗಟ್ಟಲೆ ಅದನ್ನೇ ಅಂದು ಅಣಕಿಸಿದ್ದರು, ಅವನು ಮನೆಗೆ ಬಂದು ಅವಳ ಮೇಲೆ ಹರಿಹಾಯ್ದಿದ್ದ. ಅವಳು ಏನಂದಳು? ಏನೂ ನೆನಪಾಗಲಿಲ್ಲ. ತನ್ನ ಸಿಟ್ಟು ನೆನಪಿತ್ತು, ಅವಳ ಉತ್ತರ ನೆನಪಿರಲಿಲ್ಲ. ಕುಂಬಳಕಾಯಿ ಹೊತ್ತು ಓಣಿಯಲ್ಲಿ ಬರುವಾಗ ಎದುರಿಗೆ ಬಂದ ಇಬ್ಬರು ದಾರಿ ಬಿಟ್ಟು ನಿಂತರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅವನಿಗೆ ಮುಟ್ಟಿ ನೋಡಿಕೊಳ್ಳುವ ಕೆಲಸವೂ ಇರಲಿಲ್ಲ, ಎಲ್ಲರಿಗೂ ಕಾಣುವಂತೆ ಹೊತ್ತಿದ್ದ.

ಹೂವಪ್ಪ ಕಾಯಿಯನ್ನು ಇಸಿದುಕೊಂಡು ಕೆಳಗಿಳಿದು, ಸೆರಗು ಸುತ್ತಿ, ಕುಣಿಯ ಗೋಡೆಯಲ್ಲಿ ಅಕ್ಕನಿಗೆಂದು ಕಡೆದ ಗೂಡಿನಲ್ಲಿ ಕೂರಿಸಿದ. ವಿಭೂತಿ ಹಚ್ಚಿದ. ಮೂರು ಬೆರಳಿನ ಗೆರೆ ಎಳೆದದ್ದೇ ಕಾಯಿಗೆ ಒಂದು ಹಣೆ ಬಂದುಬಿಟ್ಟಿತು. ಮೇಲೆ ಬಂದು ಅದನ್ನು ನೋಡಿ ಹೂವಪ್ಪನಿಗೆ ನಗು ತಡೆಯಲಾಗಲಿಲ್ಲ.

"ನಗಬ್ಯಾಡಲೇ!" ಪ್ರಭುಲಿಂಗಪ್ಪ ಅವನ ಎದೆಗೆ ಕೈ ಹಾಕಿ ನೂಕಿದ. ಅರವತ್ತು ದಾಟಿದ ಮುದುಕ ಮಣ್ಣಿನ ರಾಶಿಯ ಮೇಲೆ ಕುಂತುಬಿಟ್ಟ. ನಿಧಾನಕ್ಕೆ ಎದ್ದು ಧೋತರ ಕೊಡವಿಕೊಂಡ. ಸಿಟ್ಟಿಗೆ ಬರಲಿಲ್ಲ, ಅದೇ ಕೆಟ್ಟದ್ದು.

"ಕಾಯಿ ನೋಡಿ ನಕ್ಕನ್ರಿ. ನಿಮ್ಮನ್ನ ನೋಡಿ ನಕ್ಕೆನೇನು? ನಿನ್ನಿ ಕುಣಿ ತೋಡು ಅಂತ ಹೇಳಾಕ ಬಂದಾಗ ನೀವು ಹಾಡ ಗುನುಗಾಕತ್ತಿದ್ರಿ. ನಾ ಏನರ ಅಂದ್ನಾ?"

ಹಾಡು. ಯಾವ ಹಾಡು? ಪ್ರಭುಲಿಂಗಪ್ಪನಿಗೆ ನೆನಪೇ ಇರಲಿಲ್ಲ. ರೊಟ್ಟಿ ತಿಂದದ್ದನ್ನು ಯಾರೂ ನೋಡಿರಲಿಲ್ಲ, ಸಂತೋಷವೂ ತನ್ನೊಳಗೇ ಇದೆ ಅಂದುಕೊಂಡಿದ್ದ, ಅದು ಬಾಯಿಂದ ದನಿಯಾಗಿ ಹೊರಬಿದ್ದು ಊರಲ್ಲಿ ಓಡಾಡಿತ್ತು. ಹೂವಪ್ಪನಿಗೆ ಗೊತ್ತು. ಹೂವಪ್ಪನ ಹೆಂಡತಿಗೆ ಗೊತ್ತಿರಬೇಕು. ತಾನು ಕೈ ಮುಗಿದು ನಿಂತ ಮನೆಗಳಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು? ತನಗೇ ತಿಳಿಯದ ತನ್ನ ಗುಣವನ್ನು ಮಂದಿ ಒಂದು ದಿನ ಮೊದಲೇ ತಿಳಿದುಕೊಂಡು, ಮರ್ಯಾದೆಗೆ ಸುಮ್ಮನಿದ್ದರು. ಆ ಮರ್ಯಾದೆಯೇ ಮೈಮೇಲೆ ಉಗುಳಿದ ಹಾಗಾಯಿತು. ಇವರೇ ಒಂದೊಂದು ಕಲ್ಲು ಒಗೆದಿದ್ದರೆ ಬೇಕಾಗಿತ್ತು. "ಅಕ್ಕನ ಮುಂದ..." ಎಂದು ಬಾಯಿ ತೆರೆದ. "ಹೇಳೂದಿಲ್ರಿ," ಅಂದ ಹೂವಪ್ಪ, "ಹೇಳಿ ನನಗೇನಾಗಬೇಕೈತಿ? ಮಣ್ಣ ಹಾಕ್ರಿ ಲಗೂನ." ಪ್ರಭುಲಿಂಗಪ್ಪ ಹಿಡಿ ಮಣ್ಣು ತೆಗೆದುಕೊಂಡು ಆ ಹಣೆಯ ಮೇಲೆ ಎಸೆದ, ಹಾಕಲಿಲ್ಲ, ಎಸೆದ. ಇನ್ನೊಂದು ಹಿಡಿ ಎಸೆದ. ಹೂವಪ್ಪ ಸಾಕು ಅನ್ನುವ ತನಕ ಎಸೆಯುತ್ತಲೇ ಇದ್ದ.

ಎರಡು ಗಂಟೆಗೆ ಟ್ರ್ಯಾಕ್ಸು ಬಂತು. ಓಣಿಯ ಮಂದಿ ಮಾತು ಕೊಟ್ಟ ಹಾಗೆ ನಡೆದುಕೊಂಡರು, ಅತಿಯಾಗಿಯೇ ನಡೆದುಕೊಂಡರು, ಯಾರೂ ಹೊರಗೆ ಬರಲೇ ಇಲ್ಲ. ಅವನೂ ಸುಭಾನಸಾಬನೂ ಸೇರಿ ಸಿದ್ದವ್ವನನ್ನು ಕುರ್ಚಿಯ ಸಮೇತ ಎತ್ತಿ ಮೂಡಲ ಕೋಣೆಗೆ ತಂದರು. ಅವಳ ಕಣ್ಣು ಚುರುಕಾಗಿದ್ದವು. ಮರಿಯವ್ವ ಗಂಡನ ಮುಖ ನೋಡದೆ ಒಲೆಯ ಕಡೆಗೆ ಹೋದಳು. ಹೊರಗೆ ಬಂದು ಸುಭಾನಸಾಬ ತಲೆ ಕೆರೆದುಕೊಂಡು ನಿಂತ.

"ತಪ್ಪಾತ್ರಿ ಮಾಸ್ತರ. ನಾ ಒಂದ ಹೇಳಿದ್ರ ನೀವ ಒಂದ ತಿಳಕೊಂಡ್ರಿ. ದಾರ್ಯಾಗ ಅಕ್ಕಾಗ ಎಲ್ಲಾ ಹೇಳಿಬಿಟ್ಟೇನಿ. ನನ್ನ ಮಾತಿನಿಂದ ನಿಮ್ಮ ತಮ್ಮ ಎಷ್ಟ ಅತ್ತಿದ್ದಾರೋ ಏನೋ ಅಂತ. ನರೇಗಲ್ ದಾಟೂತನಕ ನಕ್ಕೋಂತ ಬಂದ್ಲ ನೋಡ್ರಿ ಮುದುಕಿ."

ಪ್ರಭುಲಿಂಗಪ್ಪ ಇಡೀ ಊರಿಗೆ ಕೈ ಮುಗಿದಿದ್ದ. ಇವನೊಬ್ಬನಿಗೆ ಹೇಳಿರಲಿಲ್ಲ. ಬೆಳಿಗ್ಗೆ ರಾಜಮಾ ಫೋನು ಹಚ್ಚಿ ಕೊಡಲೇ ಎಂದು ಕೇಳಿದಾಗ, ನಿನ್ನ ಗಂಡನ ಜೊತೆ ನನ್ನದು ಮಾತಿಲ್ಲ ಎಂದು ಸಿಡಿದು ಬಂದಿದ್ದ. ಒಳಗಿನಿಂದ ಕರೆ ಬಂತು. "ಪ್ರಭೂ. ಬಾ ಇಲ್ಲೆ."

ಹೋಗಿ ನಿಂತ. ಅವಳು ಗೋಡೆಗೆ ಒರಗಿಕೊಂಡಿದ್ದಳು. ನಗುತ್ತಿರಲಿಲ್ಲ. ನಕ್ಕದ್ದೆಲ್ಲ ದಾರಿಯಲ್ಲೇ ಮುಗಿದಿರಬೇಕು. "ಕುಂದರು," ಅಂದಳು. ಅವನು ಕುಂತುಕೊಳ್ಳಲಿಲ್ಲ.

"ನೀ ಅತ್ತೇನು?"

ಅಡಿಗೆಮನೆಯಲ್ಲಿ ಬೋಗುಣಿಯ ಸಪ್ಪಳ ನಿಂತಿತು. ಹೂಂ ಅಂದರೆ ಮುಗಿಯುತ್ತಿತ್ತು. ಇಡೀ ಊರು ಮರ್ಯಾದೆಗೆ ಸುಳ್ಳು ಸಾಕ್ಷಿ ಹೇಳಲು ತಯಾರಿತ್ತು. ಅಕ್ಕ ಅವನ ಬಾಯಿಯನ್ನೇ ನೋಡುತ್ತಿದ್ದಳು.

"ಇಲ್ಲ," ಎಂದ.

"ಒಂದ ಹನಿ?"

"ಇಲ್ಲ."

"ಮಂದಿ ನೋಡ್ತಾರ ಅಂತಾದ್ರೂ?"

"ಇಲ್ಲಂದ್ನೆಲ್ಲಾ!" ಅವನು ಕೂಗಿದ. ಕೂಗಿದ ಮೇಲೆ ತಡೆಯಲಾಗಲಿಲ್ಲ. "ರೊಟ್ಟಿ ತಿಂದೆ. ನೀ ಸತ್ತಿ ಅಂತ ಕೇಳಿ ಮನೀಗೆ ಬಂದು ಮೊದಲ ರೊಟ್ಟಿ ತಿಂದೆ, ಮೊಸರ ಹಾಕ್ಕೊಂಡ ತಿಂದೆ, ಆಮ್ಯಾಲ ಊರಿಗೆ ಹೇಳಿದೆ. ಹಾಡ ಹಾಡಿದ್ನಂತ. ಸಾಕಾಗಿತ್ತು ನನಗ! ಎಂಟ ತಿಂಗಳಾತು. ನಿನ್ನ ವಾಸನಿ ಸಾಕಾಗಿತ್ತು, ನಿನ್ನ ದನಿ ಸಾಕಾಗಿತ್ತು. ಪಟ್ಟಿ ತಿದ್ದೂ ಕೆಲಸ ಇರಲಿಲ್ಲ, ಸುಳ್ಳ ಹೇಳಿದೆ. ಏನ ಮಾಡ್ತಿ ಈಗ? ಏನ ಮಾಡ್ತಿ ಹೇಳು."

ಸಿದ್ದವ್ವನ ಕೈ ಕೌದಿಯ ಅಂಚನ್ನು ಹಿಡಿದು ಬಿಟ್ಟು ಮಾಡುತ್ತಿತ್ತು. ಕೆಳದುಟಿ ಒಮ್ಮೆ ಅದುರಿತು, ಅದನ್ನು ಹಲ್ಲಿನಿಂದ ಹಿಡಿದುಕೊಂಡಳು. ಆಮೇಲೆ ಕತ್ತು ಎತ್ತಿದಳು, ಮುಖದಲ್ಲಿ ಅವನು ಬಲ್ಲ ಹಳೆಯ ಸಿಟ್ಟು ಬಂದಿತ್ತು.

"ಹಂಗಾರ ನಾ ಇಷ್ಟರಾಗ ಸಾಯೂದಿಲ್ಲ ತಿಳಕೋ. ಅಳೋರಿಲ್ಲದ ಮನಿಯಿಂದ ಹೊಂಟ ಹೋಗಾಕಿ ಅಲ್ಲ ನಾ. ನೀ ಅಳೂತನಕ ಸಾಯೂದಿಲ್ಲ. ಹತ್ತ ವರ್ಷ ಆಗವಲ್ದ್ಯಾಕ, ಇಲ್ಲೇ ಬಿದ್ದಿರ್ತೀನಿ."

ಅವನಿಗೆ ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದ. ಬೈಗುಳ ಬರುವ ಮೊದಲೇ ಕಣ್ಣು ಉರಿಯತೊಡಗಿದವು. ನಿನ್ನೆ ಬರಬೇಕಾದದ್ದು ಈಗ, ಇಲ್ಲಿ, ಇವಳು ನೋಡುತ್ತಿರುವಾಗ ಬರುತ್ತಿದೆ ಎಂದು ತಿಳಿದು ಪ್ರಭುಲಿಂಗಪ್ಪ ಗಾಬರಿಯಾದ. ಎರಡು ಕೈಯ ಮುಷ್ಟಿ ಕಟ್ಟಿ, ಉಸಿರು ಬಿಗಿಹಿಡಿದು, ಮುಚ್ಚಿದ ಕಿಟಕಿಯ ಕಡೆಗೆ ತಿರುಗಿ ನಿಂತ.

"ಅಳೂದಿಲ್ಲ ತಗೋ," ಎಂದ. ದನಿ ಒಡೆಯದ ಹಾಗೆ ನೋಡಿಕೊಳ್ಳಲು ಆ ಮಾತನ್ನು ಅವನು ಬಹಳ ಸಿಟ್ಟಿನಿಂದ ಹೇಳಬೇಕಾಯಿತು.